ಹಸಿದ ಕೌದಿ

ಮೇಲವಂಕಿಯ ಶಿವವ್ವನ ಬಾಯಿಗೆ ಬೀಗವಿಲ್ಲ ಎಂದು ಊರವರು ನಗುತ್ತಿದ್ದರು. ಜೊತೆಗೆ ಅವಳೂ ನಗುತ್ತಿದ್ದಳು. ಆ ಎಲುಬಿಲ್ಲದ ನಾಲಿಗೆಯೇ ಸೊಸೆ ಶೈಲಾಳನ್ನು ಎರಡು ವರ್ಷ ತವರಿನಲ್ಲಿ ಕೂರಿಸಿತು.

ಅಂದು ಕಣಗಲಾದ ಬೀಗರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ಕೂಸು ಹುಟ್ಟಿದಾಗ ಹುಕ್ಕೇರಿಯ ದವಾಖಾನೆಯಲ್ಲಿ ಅದರ ರಕ್ತ ಓ ಗುಂಪಿನದು ಎಂದಿದ್ದರು. ಮಗ ಪ್ರಭುವಿನದು ಎ, ಶೈಲಾಳದು ಬಿ. ಜೀವಮಾನವಿಡೀ ಬೀಜ ಆರಿಸಿ ಬಿತ್ತಿ, ಬಿತ್ತಿದ್ದೇ ಬೆಳೆಯುತ್ತದೆಂದು ಬಲ್ಲ ಶಿವವ್ವನಿಗೆ ಇದರಲ್ಲಿ ಯಾರನ್ನೂ ಕೇಳುವಂಥದ್ದೇನೂ ಕಾಣಲಿಲ್ಲ. ತೊಟ್ಟಿಲ ಸುತ್ತ ನೆರೆದ ಹೆಂಗಸರ ಮುಂದೆ ಅಂದೇಬಿಟ್ಟಳು.

"ಅಪ್ಪಂದು ಎ, ಅವ್ವಂದು ಬಿ. ಈ ಓ ಯಾರ ಮನೀದು?"

ಜೋಗುಳ ಹಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಶೈಲಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಪ್ರಭು ಅವ್ವನಿಗೆ ಎದುರಾಡಲಿಲ್ಲ, ಹೆಂಡತಿಯ ಹಿಂದೆಯೂ ಹೋಗಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಈ ಮಾತಂತೂ ಮೂಡಲಗಿಯ ನೆಂಟರವರೆಗೂ ಹೋಯಿತು.

ತನ್ನ ಹಳೆಯ ಸೀರೆಗಳನ್ನು ಹರಿದು ಮೊಮ್ಮಗಳಿಗೆಂದೇ ಹೊಲಿದಿದ್ದ ಕೌದಿಯನ್ನು ಶಿವವ್ವ ವಾಪಸು ತಂದು ಟ್ರಂಕಿನಲ್ಲಿ ಹಾಕಿದಳು. ಅದರ ಒಂದು ಮೂಲೆ ಇನ್ನೂ ಹೊಲಿಯದೆ ಉಳಿದಿತ್ತು. ಕೌದಿಗೂ ಹೊಟ್ಟೆಯುಂಟು, ಅದು ಹಸಿದಿರುವಾಗ ಕೊಡಬಾರದೆಂದು, ಕೊನೆಯ ಹೊಲಿಗೆಗೆ ಮೊದಲು ಹೋಳಿಗೆಯ ಚೂರೊಂದನ್ನು ಒಳಗಿಡುವುದು ಅವರ ಮನೆಯ ವಾಡಿಕೆ. ತೊಟ್ಟಿಲ ದಿನದ ಹೋಳಿಗೆಯನ್ನೇ ಇಡಬೇಕೆಂದಿದ್ದಳು.

ಈ ವರ್ಷ ಗೋಕಾಕದಲ್ಲಿ ಶಿವವ್ವನ ಗರ್ಭಕೋಶದ ಆಪರೇಷನ್ ಆಯಿತು. ರಕ್ತ ಏರಿಸಬೇಕಾಗಿ ಬಂದು ಪರೀಕ್ಷೆ ಮಾಡಿದಾಗ ಅವಳದೇ ಓ ಎಂದು ಗೊತ್ತಾಯಿತು. ತನ್ನದು ಓ ಆದರೆ ಮಗನದು ಎ ಹೇಗೆ ಎಂದು ರಕ್ತ ಭಂಡಾರದ ಡಾಕ್ಟರಮ್ಮನನ್ನು ಕೇಳಿದಳು.

ಆಕೆ ಹಾಸಿಗೆಯ ಬಾಜೂ ಕುಳಿತು ಬಿಡಿಸಿ ಹೇಳಿದರು. ಎಲ್ಲರಲ್ಲೂ ಗುಂಪಿನ ಎರಡು ಪಾಲಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು; ಮಗನ ಎ ಅವನ ತಂದೆಯಿಂದ ಬಂದದ್ದು. ಎ ಜೊತೆ ಓ ಇದ್ದರೆ ಮೇಲೆ ಕಾಣುವುದು ಎ ಮಾತ್ರ. ಓ ಒಳಗೆ ತೆಪ್ಪಗೆ ಕುಳಿತಿರುತ್ತದೆ. ಬಿ ಜೊತೆಗೂ ಹಾಗೆಯೇ. ತಂದೆ, ತಾಯಿ ಇಬ್ಬರಿಂದಲೂ ಆ ಅಡಗಿದ ಓ ಬಂದರೆ ಮಗು ಓ ಆಗುತ್ತದೆ. ಇದು ದಿನಾ ನಡೆಯುವ ಸಂಗತಿ.

ಶಿವವ್ವ ಕೇಳಿದಳು. "ನನ್ನ ಮಗನೊಳಗ ಓ ಎಲ್ಲಿಂದ ಬಂತ್ರಿ?"

"ನಿಮ್ಮ ಹತ್ರ ಕೊಡಾಕ ಅದೊಂದ ಐತ್ರಿ, ಅವ್ವಾರ. ನೀವ ಕೊಟ್ಟೀರಿ."

ಕೈಗೆ ರಕ್ತ ಇಳಿಯುತ್ತಲೇ ಇತ್ತು. ಅದಕ್ಕೆ ಬದಲಿಯಾಗಿ ಭಂಡಾರಕ್ಕೆ ಯಾವ ಗುಂಪಿನ ರಕ್ತ ಕೊಟ್ಟರೂ ಆದೀತು ಎಂದು ದವಾಖಾನೆಯವರು ಅಂದಾಗ ಶೈಲಾ ಕಣಗಲಾದಿಂದ ಬಸ್ಸಿನಲ್ಲಿ ಬಂದು ಕೊಟ್ಟಳೆಂದು, ಅತ್ತೆಯ ಮುಖ ನೋಡದೆ ಹೋದಳೆಂದು ಪ್ರಭು ತಲೆ ತಗ್ಗಿಸಿ ಹೇಳಿದ. ಶಿವವ್ವ ಗೋಡೆಗೆ ಮುಖ ಮಾಡಿ ಅತ್ತಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಡೆಯುವಂತಾದ ಮೇಲೆ ಮಗನನ್ನು ಕರೆದುಕೊಂಡು ಕಣಗಲಾಕ್ಕೆ ಹೋದಳು. ತೊಟ್ಟಿಲ ದಿನ ಬಂದಿದ್ದ ಹೆಂಗಸರನ್ನೆಲ್ಲ ಅದೇ ಪಡಸಾಲೆಗೆ ಕರೆಸಿದಳು. ಅಂದು ಎಲ್ಲರೆದುರು ಆಡಿದ್ದನ್ನು ಮರೆಯಲ್ಲಿ ಕೂತು ನುಂಗಿದರೆ ಆಗುತ್ತದೆಯೇ?

"ಆ ಓ ನನ್ನ ಮನೀದು. ನನ್ನ ರಕ್ತಕ್ಕ ನಾನ ಕೆಸರು ಒಗದೆ. ತಪ್ಪು ನಂದು, ಶೈಲಾ."

ಶೈಲಾ ಒಳಗೆ ಮಲಗಿದ್ದ ಮಗುವಿನ ಕಡೆ ಕೈ ತೋರಿಸಿದಳು. ಶಿವವ್ವ ಡಬ್ಬಿಯಲ್ಲಿ ತಂದಿದ್ದ ಹೋಳಿಗೆಯ ಚೂರನ್ನು ಕೌದಿಯೊಳಗಿಟ್ಟು, ಮೂಲೆ ಹೊಲಿದು, ಹೋಗಿ ಮೊಮ್ಮಗಳಿಗೆ ಹೊದಿಸಿದಳು. ಕೌದಿ ಮೊಣಕಾಲಿಗೇ ಮುಗಿಯಿತು. ಕೆಳಗೆ ಎಳೆದರೆ ಎದೆ ಬಯಲು, ಮೇಲೆ ಎಳೆದರೆ ಕಾಲು ಬಯಲು.

"ಆಕಿ ಬೆಳದಾಳ್ರಿ, ಅತ್ತಿ," ಎಂದಳು ಶೈಲಾ.

ಶಿವವ್ವ ಕೌದಿ ಎಳೆಯುವುದನ್ನು ಬಿಟ್ಟಳು. ಹೊರಗುಳಿದ ಆ ಪುಟ್ಟ ಪಾದಗಳನ್ನು ಎರಡೂ ಕೈಯಲ್ಲಿ ಮುಚ್ಚಿ, ಅವುಗಳ ಮೇಲೆ ಹಣೆ ಇಟ್ಟಳು.