ತುಂಬಿದ ಬಟ್ಟಲು

ನರಿನ್ ಹೊಳೆಯ ಮೇಲ್ಗಡೆಯ ಆ ಊರಿನಲ್ಲಿ ಡಾಕ್ಟರ ಜೀಪು ಯಾರ ಮನೆ ಮುಂದೆ ನಿಂತರೂ ಜನ ಆ ಮನೆಗೊಂದು ರೋಗದ ಹೆಸರು ಅಂಟಿಸುತ್ತಿದ್ದರು. ಅದು ತನ್ನ ಬಾಗಿಲಲ್ಲೇ ನಿಂತಾಗ ಜೂರಾ ಮುದುಕಿಗೆ ಮೈಯೆಲ್ಲ ಉರಿಯಿತು. ಕರೆಯದೆ ಬಂದ ಡಾಕ್ಟರಮ್ಮನಿಗೆ ಏನೋ ಉದ್ದೇಶ ಇರಲೇಬೇಕು. ಪಕ್ಕದೂರಿನ ಬಸುರಿಯೊಬ್ಬಳನ್ನು ಇವಳೇ ಪಟ್ಟಣಕ್ಕೆ ಸಾಗಿಸಿ ಹೊಟ್ಟೆ ಕೊಯ್ಯಿಸಿದಳಂತೆ. ಮಗ ಬೇರೆ ಕುರಿ ಮಾರಲು ಸಂತೆಗೆ ಹೋಗಿದ್ದ.

"ಊರಲ್ಲಿರೋ ಬಸುರಿಯರನ್ನೆಲ್ಲ ನೋಡ್ತಿದೀನಿ, ಅಮ್ಮಾ," ಎಂದಳು ಡಾಕ್ಟರ್ ಮೈರಾಮ್.

"ನೋಡಿದ್ರಲ್ಲ. ಚೆನ್ನಾಗಿದಾಳೆ."

ಬಸುರಿ ಸೊಸೆ ಐಜಾದಾ ತಲೆ ತಗ್ಗಿಸಿ ಚಹಾದ ಪಾತ್ರೆಯ ಪಕ್ಕ ಕೂತಿದ್ದಳು. ಹಿರಿಯರೆದುರು ಸೊಸೆ ಬಾಯಿ ಬಿಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ತಲೆನೋವು ಬರುತ್ತಾ?"

"ಇಲ್ಲ," ಎಂದಳು ಜೂರಾ.

"ಕಾಲು ಊದಿದೆಯಲ್ಲ?"

"ನಮ್ಮಮ್ಮನ ಕಾಲೂ ಊದ್ತಿತ್ತು. ಒಂಬತ್ತು ಹೆತ್ತಳು."

"ಅವಳಿಗೆ ನಾಲಿಗೆ ಇಲ್ವಾ, ಅಮ್ಮಾ?"

"ಇದೆ. ಮರ್ಯಾದೆನೂ ಇದೆ."

ಆ ಕಡೆಯ ರೂಢಿಯಂತೆ, ಅತಿಥಿ ಕೂರಲಿ ಅಂದರೆ ಬಟ್ಟಲಿಗೆ ಅರ್ಧ ಚಹಾ, ಮತ್ತೆ ಮತ್ತೆ. ಎದ್ದು ಹೋಗಲಿ ಅಂದರೆ ಕಂಠಪೂರ್ತಿ. ಜೂರಾ ಸೊಸೆಗೆ ಹೇಳಿದಳು: "ತುಂಬಿಸಿ ಕೊಡು."

ಐಜಾದಾ ಪಾತ್ರೆ ಬಗ್ಗಿಸಿದಳು. ಚಹಾ ಬಟ್ಟಲಿಗೆ ಬೀಳಲಿಲ್ಲ. ಪಕ್ಕದ ಖಾಲಿ ಹಾಸಿನ ಮೇಲೆ ಸುರಿಯುತ್ತಲೇ ಇತ್ತು.

ಬೇಕಂತಲೇ ಮಾಡ್ತಿದಾಳೆ, ಇಬ್ಬರೂ ಒಳಗೊಳಗೇ ಕೂಡಿಕೊಂಡಿದಾರೆ ಎಂದುಕೊಂಡಳು ಜೂರಾ. ಬೈಯಲೆಂದು ಮುಖ ನೋಡಿದಳು. ಐಜಾದಾ ಒಂದು ಹನಿಯೂ ಚೆಲ್ಲಬಾರದೆಂಬಂತೆ ತುಟಿ ಕಚ್ಚಿ, ಜೋಪಾನವಾಗಿ ಸುರಿಯುತ್ತಿದ್ದಳು.

"ಎಷ್ಟು ಬಟ್ಟಲು ಕಾಣ್ತಿದೆ, ಮಗಳೇ?" ಎಂದಳು ಡಾಕ್ಟರ್.

ಇದೊಂದು ಜೂರಾಳಿಗೆ ಗೊತ್ತಿರಲಿಲ್ಲ.

"ಎರಡು," ಎಂದಳು ಐಜಾದಾ.

ಡಾಕ್ಟರ್ ಅವಳ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದಳು. ಎರಡನೇ ಸಲವೂ ನೋಡಿ ಪಟ್ಟಿ ಬಿಚ್ಚಿದಳು. "ಈಗಲೇ ಹೊರಡಬೇಕು. ತಡವಾದ್ರೆ ತಾಯಿ ಮಗು ಇಬ್ಬರಿಗೂ ಅಪಾಯ."

ಜೂರಾ ಬಾಗಿಲಿಗೆ ಅಡ್ಡ ನಿಂತಳು. "ಹೊಟ್ಟೆ ಕೊಯ್ತೀರಾ?"

"ಕೊಯ್ಯಬೇಕಾಗಬಹುದು."

ಡಾಕ್ಟರ್ ಇಲ್ಲ ಎಂದು ಸುಳ್ಳು ಹೇಳಿದ್ದರೆ ಜೂರಾ ಜಾಗ ಬಿಡುತ್ತಿರಲಿಲ್ಲ. ಅವಳು ಗೂಟದಿಂದ ಶಾಲು ಎಳೆದುಕೊಂಡಳು. "ನಾನೂ ಬರ್ತೀನಿ. ನಿಮ್ಮನ್ನ ನಂಬಿ ಅಲ್ಲ."

"ನಂಬಬೇಡಿ. ಹತ್ತಿ."

ಜೀಪು ಹೊರಟಿತು. ನೆರೆಯವರು ಗೋಡೆ ಮೇಲಿಂದ ಇಣುಕಿದರು.

"ತಲೆನೋವು ಯಾವಾಗಿಂದ?" ಡಾಕ್ಟರ್ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

ಜೂರಾ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಹಿಂದಕ್ಕೆ ತಿರುಗಿದಳು. "ಹೇಳೇ, ಯಾವಾಗಿಂದ?"

"ಕುರಿಗಳು ಬೆಟ್ಟದಿಂದ ಇಳಿದಾಗಿಂದ, ಅತ್ತೆ. ಎರಡು ವಾರ ಆಯ್ತು."

ಡಾಕ್ಟರ್ ಜೀಪಿನ ವೇಗ ಹೆಚ್ಚಿಸಿದಳು. ಜೂರಾ ಡಾಕ್ಟರ ಮುಖವನ್ನೇ ನೋಡುತ್ತ ಕೂತಳು, ಏನು ಮುಚ್ಚಿಡುತ್ತಿದ್ದಾಳೋ ಎಂದು.