ಕೊನೆಯ ಬೆಂಚಿನ ಮಾಲೀಕ

ಕೊನೆಯ ಬೆಂಚಿನಲ್ಲಿ ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಗತ್ತಾಗಿ ಕೂತಿದ್ದರು. ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದವಳು ಅವರ ಮಗಳು.

ಎಂಬಿಎ ಕಾಲೇಜು ಶುರುವಾದಾಗಿನಿಂದ ಪಾಠಕ್ಕೆ ಪರದೇಶದ ಕೇಸುಗಳೇ ಗತಿ. ಒಂದು ಕಂಪನಿಯ ನಿಜವಾದ ಇಕ್ಕಟ್ಟನ್ನು ಕಥೆಯಂತೆ ಬರೆದು, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಹುಡುಗರನ್ನು ಕೆಣಕುವ ಪಾಠ ಅದು. ಕಂಡೇ ಇರದ ಅಂಗಡಿಗಳ ಬಗ್ಗೆ ಹುಡುಗರು ಉರು ಹೊಡೆದು ಒಪ್ಪಿಸುತ್ತಿದ್ದರು. ನಮ್ಮೂರಿನದೊಂದು ಬರೆಯಿರಿ ಎಂದು ಪ್ರಿನ್ಸಿಪಾಲರು ದುಂಬಾಲು ಬಿದ್ದರು. ಊರಿನ ಮಾಲೀಕರು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅವಳು ಅಪ್ಪನ ಕಾರ್ಖಾನೆಯನ್ನೇ ಬರೆದಳು. ಹೆಸರು ಬದಲಿಸಿದಳು, ಅಲ್ಲಿ ತಯಾರಾಗುವ ನೀರಿನ ಪಂಪನ್ನು ಫ್ಯಾನು ಮಾಡಿದಳು.

“ಮಗಳು ಬರೆದಿದ್ದನ್ನ ಓದಿ ನೋಡಬೇಕಾ?” ಎಂದು ಅಪ್ಪ ಒಪ್ಪಿಗೆಗೆ ಸಹಿ ಗೀಚಿದ್ದರು.

ಕಥೆಯ ಮಾಲೀಕರನ್ನು ಗುರುತು ಹೇಳದೆ ತರಗತಿಯಲ್ಲಿ ಕೂರಿಸಿ, ಕೊನೆಗೆ ಪರಿಚಯಿಸುವುದು ಇಂಥ ಪಾಠದ ಪದ್ಧತಿ. ಹೊಗಳಿಕೆ ಸಿಗುತ್ತದೆಂದು ಅಪ್ಪ ಬಂದಿದ್ದರು. ಆದರೆ ಅವಳು ಬರೆದದ್ದು ಅಪ್ಪ-ಅಣ್ಣನ ಜಗಳವನ್ನು: ಅಧಿಕಾರ ಕೊಡದಿದ್ದರೆ ಈ ತಿಂಗಳೇ ಬೇರೆ ಕಾರ್ಖಾನೆ ಹಾಕುತ್ತೇನೆಂದು ಅಣ್ಣ ಪಟ್ಟು ಹಿಡಿದಿದ್ದ. ಅವನು ಹೋದರೆ ಗಿರಾಕಿಗಳೂ ಹೋಗುತ್ತಾರೆ. ಮನೆಯಲ್ಲಿ ಆ ಮಾತೆತ್ತಿದರೆ ಅಪ್ಪ ಊಟ ಬಿಟ್ಟು ಏಳುತ್ತಿದ್ದರು.

ತರಗತಿಯ ಬಾಯಿಬಡುಕ ಎದ್ದು ನಿಂತ. “ಮೇಡಂ, ರೋಗ ಇರೋದು ಮಾಲೀಕನಲ್ಲೇ. ಒಂದು ನಟ್ಟು ತರಬೇಕಂದ್ರೂ ಮುದುಕನ ಅಪ್ಪಣೆ ಬೇಕು. ಮಗನಿಗೆ ಹೆಸರಿಗಷ್ಟೇ ಮ್ಯಾನೇಜರ್ ಪಟ್ಟ.”

“ಮೊಮ್ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡ್ಕೊಂಡಿರಲಿ ಬಿಡಿ,” ಎಂದಳು ಕಿಟಕಿ ಪಕ್ಕದ ಹುಡುಗಿ. ತರಗತಿ ಗೊಳ್ಳೆಂದಿತು.

ಅಪ್ಪನ ಕಿವಿ ಕೆಂಪಾಯಿತು. “ಮಾರುಕಟ್ಟೆ ಬಗ್ಗೆ ಯಾರು ಹೇಳ್ತೀರಿ?” ಎಂದು ಅವಳು ಮಾತು ತಿರುಗಿಸಲು ನೋಡಿದಳು.

“ಮಾರುಕಟ್ಟೆ ಚೆನ್ನಾಗೇ ಇದೆ ಮೇಡಂ. ಮುದುಕನೇ ಅಡ್ಡ.”

ಆಗ ಕೊನೆಯ ಬೆಂಚಿನಲ್ಲಿ ಅಪ್ಪನ ಕೈ ಎದ್ದಿತು. “ಹುಡುಗರ ಮಾತಾಯ್ತು. ನಿಮ್ಮ ಅಭಿಪ್ರಾಯ ಏನು ಮೇಡಂ?”

ಕೇಸು ಪಾಠದಲ್ಲಿ ಮೇಷ್ಟ್ರು ಉತ್ತರ ಹೇಳುವಂತಿಲ್ಲ. ಆ ನಿಯಮದ ಹಿಂದೆ ಅವಿತುಕೊಳ್ಳಬಹುದಿತ್ತು. ಅಪ್ಪ ಕಣ್ಣು ಕೀಳಲಿಲ್ಲ.

“ಅವರು ಕುರ್ಚಿ ಬಿಟ್ಟು ಇಳಿಯಬೇಕು,” ಎಂದಳು.

“ಯಾವಾಗ?”

“ಮಗ ಬಿಟ್ಟು ಹೋಗೋ ಮೊದಲು.”

ಅಪ್ಪ ಎದ್ದು ನಿಂತರು. “ಇದನ್ನ ಮನೇಲೇ ಹೇಳಬಹುದಿತ್ತಲ್ಲ ಮಗಳೇ.”

ಬಾಯಿಬಡುಕನ ಮುಖ ಬಿಳಿಚಿಕೊಂಡಿತು. ಯಾರೋ “ಅಯ್ಯಯ್ಯೋ” ಎಂದು ಉಸಿರೆಳೆದರು.

“ಮನೇಲಿ ಹೇಳೋಕೆ ಬಿಡ್ತಿದ್ರಾ ಅಪ್ಪಾ?”

ಅಪ್ಪ ಬಾಗಿಲ ಕಡೆ ಹೆಜ್ಜೆ ಹಾಕಿದರು. ಅವಳು ತಡೆಯಲಿಲ್ಲ. ಬಾಗಿಲ ಹತ್ತಿರ ಅವರು ನಿಂತರು, ಮೂಗಿನಲ್ಲಿ ಜೋರಾಗಿ ಉಸಿರು ಬಿಟ್ಟರು, ವಾಪಸು ಬಂದು ಮೊದಲ ಬೆಂಚಿನಲ್ಲಿ ಬಾಯಿಬಡುಕನ ಪಕ್ಕ ಕೂತರು.

“ಸ್ವಲ್ಪ ಸರ್ಕೊಳಯ್ಯಾ. ನನ್ನ ಕಳಿಸಿಬಿಟ್ರಿ, ಸರಿ. ಮಾರನೇ ದಿನ ಬೆಳಿಗ್ಗೆ ಕಾರ್ಖಾನೇಲಿ ಯಾರ ಮಾತು ನಡೀಬೇಕು?”

ಹುಡುಗ ಪುಸ್ತಕ ಸಮೇತ ಸರಿದು ಜಾಗ ಬಿಟ್ಟ. “ನಿಮ್ಮ ಮಗಂದು ಸರ್.”

“ಅದನ್ನ ಕೆಲಸದವರಿಗೆ ಯಾರು ಹೇಳಬೇಕು?”

“ನೀವೇ ಸರ್. ಬೇರೆ ಯಾರು ಹೇಳಿದ್ರೂ ಅವರು ನಂಬಲ್ಲ.”

ಅಪ್ಪ ಮಗಳ ಕಡೆ ತಿರುಗಿ, “ನಿಮ್ಮಣ್ಣನಿಗೆ ಫೋನ್ ಮಾಡು, ಕೆಲಸದವರನ್ನೆಲ್ಲ ಕಾರ್ಖಾನೆ ಅಂಗಳದಲ್ಲಿ ಸೇರಿಸಲಿ,” ಎಂದರು. “ನಾನು ಮನಸ್ಸು ಬದಲಾಯಿಸೋದ್ರೊಳಗೆ.”