ಮೊದಲು ಮುಖ ತೊಳೆದು ಬನ್ನಿ

ನಾಳೆ ಬಸರಾಳಿನ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಎಂದರೆ ಮರಿತಾಯಮ್ಮನಿಗೆ ಇವತ್ತೇ ಕೈಕಾಲು ಆಡುವುದಿಲ್ಲ. ಸೊಸೆ ಮೋಹಿನಿಗೆ ಆರು ತಿಂಗಳು. ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಸೊಸೆ ಬಿಳುಚಿಕೊಂಡು ನಿಂತರೆ ಡಾಕ್ಟರು ಏನೆಂದಾರು? ಅತ್ತೆ ಹೊಟ್ಟೆಗೆ ಹಾಕಿಲ್ಲ ಎಂದೇ ಅಲ್ಲವೆ?

ಅದಕ್ಕೇ ಸಂಜೆ ಗೋರಂಟಿ ಸೊಪ್ಪು ಅರೆದು ಸೊಸೆಯ ಹತ್ತೂ ಉಗುರಿಗೆ ಕಟ್ಟಿದಳು. ಬೆಳಿಗ್ಗೆ ಕೆನ್ನೆಗೆ ಅರಿಶಿನ ಬಳಿದು, ಬಾಯಿ ಕೆಂಪಾಗಲೆಂದು ಎಲೆಅಡಿಕೆ ಹಾಕಿಸಿದಳು. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ವೀಣ ಬಂದಳು.

"ಏನ್ ದೊಡ್ಡವ್ವ, ಸೊಸೇನ ಆಸ್ಪತ್ರೆಗೆ ಕರ್ಕೊಂಡೋಯ್ತೀಯೋ, ಹಸೆಮಣೆಗೋ?"

"ನೋಡು, ಎಂಗ್ ಕೆಂಪುಗವ್ಳೆ! ಯಾವ್ ಡಾಕ್ಟ್ರು ಏನಂತಾರೋ ಅನ್ಲಿ."

"ಅಯ್ಯೋ, ರಕ್ತ ಕಮ್ಮಿ ಅದಾ ಅಂತ ಅವ್ರು ಮೊದ್ಲು ನೋಡಾದೇ ಉಗ್ರು, ನಾಲ್ಗೆ, ಕಣ್ಣು. ನೀನು ಬಣ್ಣ ಬಳ್ದು ಅವ್ರ ಕಣ್ಗೇ ಮಣ್ಣೆರಚ್ತಿದ್ದೀಯಲ್ಲ!"

"ಬುಡಮ್ಮಿ, ಬಸುರೀಲಿ ಸುಸ್ತು ಇದ್ದುದ್ದೇಯ."

ವೀಣ ಕೈ ತೊಳೆದು ಬಂದು ಮೋಹಿನಿಯ ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿದಳು. "ಒಳಗೆ ಕೆಂಪುಗಿರ್ಬೇಕು. ನೀನೇ ನೋಡು."

ಮರಿತಾಯಮ್ಮ ಬಗ್ಗಿ ನೋಡಿದಳು. ಕೆಂಪಿನ ಸುಳಿವೇ ಇಲ್ಲ, ತೊಳೆದ ಅಕ್ಕಿಯಂತೆ ಬೆಳ್ಳಗಿತ್ತು.

"ಕಣ್ಣು ಕತ್ಲೆ ಬತ್ತಿತ್ತು ಅತ್ತೆ," ಎಂದಳು ಮೋಹಿನಿ. "ಯೋಳುದ್ರೆ ನೊಂದ್ಕತೀರ ಅಂತ ಸುಮ್ಕಿದ್ದೆ."

ಮರಿತಾಯಮ್ಮ ಸೊಸೆಯ ಕೈ ಹಿಡಿದುಕೊಂಡಳು. "ನನ್ ಮರ್ವಾದೆಗಿಷ್ಟು ಬೆಂಕಿ ಬೀಳ. ಬಾ ಮಗ" ಎಂದು ಅವಳಿಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಅವಳ ಮುಖವನ್ನು ತಾನೇ ತೊಳೆದಳು. ಗೋರಂಟಿ ಮಾತ್ರ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೋಹಿನಿಯ ಕೈ ಹಿಡಿಯುತ್ತಲೇ ಮರಿತಾಯಮ್ಮ ಮುಂದೆ ಬಂದಳು. "ಉಗ್ರು ನಂಬ್ಬ್ಯಾಡಿ ಮೇಡಮ್ಮೋರೆ, ಅದು ನಾನ್ ಕಟ್ಟಿದ್ದು. ಕಣ್ಣು ನೋಡಿ."

ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಎಂಟೇ ಪಾಯಿಂಟು. ಹನ್ನೊಂದಾದರೂ ಇರಬೇಕಿತ್ತು. ಡಾಕ್ಟರು ಬೈಯಲಿಲ್ಲ. "ಹೆರಿಗೆ ಹೊತ್ತಿಗೆ ಗೊತ್ತಾಗಿದ್ರೆ ಇಬ್ಬರ ಜೀವಕ್ಕೂ ಕಷ್ಟ ಆಗ್ತಿತ್ತು. ನೀವು ಹೇಳಿದ್ದು ಒಳ್ಳೇದಾಯ್ತು ಅಮ್ಮ" ಎಂದು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಈಗ ಸೊಸೆ ಮಾತ್ರೆ ನುಂಗುವ ತನಕ ಮರಿತಾಯಮ್ಮ ಅವಳ ಮುಂದಿಂದ ಏಳುವುದಿಲ್ಲ.

ತಾಯಂದಿರೇ, ಅತ್ತೆಯರೇ, ತಪಾಸಣೆಯ ದಿನ ಉಗುರು, ನಾಲಿಗೆ, ಮುಖ ಇದ್ದ ಹಾಗೇ ಇರಲಿ. ಸುಸ್ತು, ಏದುಸಿರು ಇದ್ದರೆ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಸೊಸೆ ಬಿಳುಚಿಕೊಂಡರೆ ಮನೆಯ ಮಾನ ಹೋಗುವುದಿಲ್ಲ. ಮುಚ್ಚಿಟ್ಟರೆ ಎರಡು ಜೀವ ಹೋದೀತು. ಗೋರಂಟಿ ಗಿಡ ಹಿತ್ತಲಲ್ಲೇ ಇರುತ್ತದೆ, ಮಗು ಮಡಿಲಿಗೆ ಬಂದ ಮೇಲೆ ಕಟ್ಟಿಕೊಳ್ಳೋಣ.